ಒಂದೇ ದಿನ ಮುನ್ನೂರು ಬಾಟಲಿ: ರಕ್ತದಾನಿ ಬಳಗವೊಂದು ಎಷ್ಟು ಬೆಳೆಯಬೇಕು?

ಮೊದಲೇ ಹೇಳಿಬಿಡುವುದು ಒಳ್ಳೆಯದು: ಇಲ್ಲಿ ಬರುವ ಬಳಗ ಚರ್ಚೆಗೆಂದು ಕಟ್ಟಿಕೊಂಡದ್ದು. ಅದರ ದಾನಿಗಳ ಸಂಖ್ಯೆ, ತಿಂಗಳ ಬೇಡಿಕೆ, ಬಂದವರ ಪ್ರಮಾಣ ಇವೆಲ್ಲ ಲೆಕ್ಕ ಹಾಕಲು ಹಿಡಿದ ಅಂಕಿಗಳು. ರಕ್ತದ ಆಯುಷ್ಯ, ದಾನಿಯ ಅರ್ಹತೆ, ಶಿಬಿರಕ್ಕೆ ಬೇಕಾದ ಸಿಬ್ಬಂದಿ, ಉತ್ತರ ಕನ್ನಡದ ರಸ್ತೆ, ಮಳೆ, ಕೆಲಸದ ಹಂಗಾಮು ಮಾತ್ರ ಇದ್ದದ್ದು ಇದ್ದ ಹಾಗೆ.

ಬಳಗ ಮತ್ತು ಅದರ ಮುಂದಿರುವ ಪ್ರಶ್ನೆ

ಕುಮಟಾದಲ್ಲಿ ಶುರುವಾಗಿ ಘಟ್ಟದ ಮೇಲೆ ಶಿರಸಿಗೂ ಉತ್ತರಕ್ಕೆ ಕಾರವಾರಕ್ಕೂ ಹಬ್ಬಿದ ಬಳಗ. ಪಟ್ಟಿಯಲ್ಲಿ 420 ಹೆಸರು: 300 ಗಂಡಸರು, 120 ಹೆಂಗಸರು. ಕರೆದಾಗ ನಿಜಕ್ಕೂ ಬರುವವರು ಸುಮಾರು 150 ಮಂದಿ. ಇವರು ವರ್ಷಕ್ಕೆ ಮೂರು ಸಲ ಕೊಟ್ಟರೂ 450 ಯೂನಿಟ್ (ಒಬ್ಬರು ಒಮ್ಮೆ ಕೊಡುವ ಒಂದು ಚೀಲ ರಕ್ತವೇ ಒಂದು ಯೂನಿಟ್, ಜನರ ಬಾಯಲ್ಲಿ ಬಾಟಲಿ). ಬಳಗದ ಪಾಲಿಗೆ ಬರುವ ಬೇಡಿಕೆ ತಿಂಗಳಿಗೆ 40, ಅಂದರೆ ವರ್ಷಕ್ಕೆ 480. ಅಲ್ಲಿಂದಲ್ಲಿಗೆ ಎಂಬ ಲೆಕ್ಕ. ಮೂರು ಊರಲ್ಲಿ ಆರು ಜನ ಫೋನು ಹಿಡಿದು ಕೂರುತ್ತಾರೆ. ಕಚೇರಿ ಇಲ್ಲ, ಸಂಬಳದವರೂ ಇಲ್ಲ.

ಈಗ ಬಳಗಕ್ಕೆ ಮೂರು ಕರೆ ಬಂದಿವೆ. ಆಗಸ್ಟ್ 15ಕ್ಕೆ ಒಂದೇ ಜಾಗದಲ್ಲಿ 300 ಬಾಟಲಿಯ ಬೃಹತ್ ಶಿಬಿರ ಮಾಡೋಣ, ಖರ್ಚು ನಮ್ಮದು ಎನ್ನುವ ಪ್ರಾಯೋಜಕರು ಒಂದು ಕಡೆ. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಮಳಿಗೆ ಕೊಡಿಸುತ್ತೇವೆ, ಲಕ್ಷಗಟ್ಟಲೆ ಜನ ನೋಡುತ್ತಾರೆ ಎನ್ನುವವರು ಇನ್ನೊಂದು ಕಡೆ. ಮೂರನೆಯದು ಜನಪ್ರಿಯ ಯಕ್ಷಗಾನ ಕಲಾವಿದರಿಂದ ವಿಡಿಯೊ ಮಾಡಿಸಿ ಜಿಲ್ಲೆಯ ಪ್ರತಿ ಮೊಬೈಲಿಗೂ ಮುಟ್ಟಿಸುವ ಯೋಜನೆ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 14.37 ಲಕ್ಷ. ಅದರಲ್ಲಿ ನೂರಕ್ಕೆ ಒಬ್ಬರು ಬಂದರೂ ಸಾಕಲ್ಲ ಎಂಬುದು ಬೆಳೆಯಬೇಕು ಎನ್ನುವವರ ವಾದ. ಕೇಳಲು ಚೆನ್ನಾಗಿದೆ.

35 ಮತ್ತು 90

ಈ ಇಡೀ ಪ್ರಕರಣ ನಿಂತಿರುವುದು ಎರಡು ಅಂಕಿಗಳ ಮೇಲೆ. ಸಾಮಾನ್ಯ ಚೀಲದಲ್ಲಿ, ಅಂದರೆ ರಕ್ತ ಹೆಪ್ಪುಗಟ್ಟದಂತೆ ಕಾಯುವ ಸಿಪಿಡಿಎ ದ್ರಾವಣ ಇರುವ ಚೀಲದಲ್ಲಿ, ಸಂಗ್ರಹಿಸಿದ ರಕ್ತವನ್ನು 2ರಿಂದ 6 ಡಿಗ್ರಿಯಲ್ಲಿ ಇಟ್ಟರೆ 35 ದಿನ ಬಾಳುತ್ತದೆ. ಕೊಟ್ಟ ಗಂಡಸು ಮತ್ತೆ ಕೊಡಲು 90 ದಿನ ಕಾಯಬೇಕು, ಹೆಂಗಸು 120 ದಿನ.

ಆಗಸ್ಟ್ 15ರ ಶಿಬಿರಕ್ಕೆ ಈ ಅಂಕಿ ಹಚ್ಚಿ ನೋಡಿ. ಅಂದು 300 ಯೂನಿಟ್ ಬಂತು ಎಂದಿಟ್ಟುಕೊಳ್ಳಿ. ಅದರ ಆಯುಷ್ಯ ಸೆಪ್ಟೆಂಬರ್ 19ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಬಳಗದ ಪಾಲಿನ ಬೇಡಿಕೆ 47ರ ಆಸುಪಾಸು. ಸಂಬಂಧಿಕರಿಂದ ತುಂಬಿಸಿಕೊಳ್ಳುವ ಪಾಲನ್ನೂ ಸೇರಿಸಿ ಆಸ್ಪತ್ರೆಗಳ ಒಟ್ಟು ಬಳಕೆ ತಿಂಗಳಿಗೆ 120 ಎಂದರೂ 140 ಖರ್ಚಾದೀತು. ಉಳಿದ 160 ಚೀಲ ಎಲ್ಲಿಗೆ? ಒಂದು ಬ್ಲಡ್ ಬ್ಯಾಂಕಿನಿಂದ ಇನ್ನೊಂದಕ್ಕೆ ಸಾಗಿಸಲು ನಿಯಮದಲ್ಲಿ ಅವಕಾಶ ಇದೆ. ಆದರೆ ಹುಬ್ಬಳ್ಳಿಯಲ್ಲೂ ಉಡುಪಿಯಲ್ಲೂ ಅದೇ ದಿನ ಸ್ವಾತಂತ್ರ್ಯೋತ್ಸವದ ಶಿಬಿರಗಳು ನಡೆದಿರುತ್ತವೆ. ಅವರ ಫ್ರಿಜ್ಜೂ ತುಂಬಿರುತ್ತದೆ.

ನಿಜವಾದ ನಷ್ಟ ಇನ್ನೂ ಮುಂದಿದೆ. ಅಂದು ಕೊಟ್ಟ ಗಂಡಸರು ಮತ್ತೆ ಅರ್ಹರಾಗುವುದು ನವೆಂಬರ್ 13ಕ್ಕೆ. ಸೆಪ್ಟೆಂಬರ್ 20ರಿಂದ ನವೆಂಬರ್ 13ರವರೆಗೆ 55 ದಿನ ಫ್ರಿಜ್ಜಿನಲ್ಲಿ ಆ ರಕ್ತವೂ ಇಲ್ಲ, ಪಟ್ಟಿಯಲ್ಲಿ ಕರೆಯಬಹುದಾದ ಹೆಸರೂ ಇಲ್ಲ. ನವರಾತ್ರಿ, ದೀಪಾವಳಿ ಬರುವುದು ಅದೇ ಹೊತ್ತಿಗೆ. ಮಳೆ ಹಿಂದೆ ಸರಿದು ಡೆಂಗಿ, ಇಲಿಜ್ವರ ಇನ್ನೂ ಬಿಟ್ಟಿರುವುದಿಲ್ಲ. ಕೆಂಪುಕಣ ಬೇರ್ಪಡಿಸಿ, ಅದನ್ನು ಹೆಚ್ಚು ದಿನ ಕಾಪಿಡುವ ಸ್ಯಾಗ್‌ಎಂ ದ್ರಾವಣದಲ್ಲಿ ಇಟ್ಟರೆ 42 ದಿನ ಬಾಳುತ್ತದೆ. ಆಗಲೂ 48 ದಿನದ ಬರ ತಪ್ಪದು. ಶಿಬಿರ ದೊಡ್ಡದಾದಷ್ಟೂ ಈ ಬರ ಗಟ್ಟಿಯಾಗುತ್ತದೆ, ಯಾಕೆಂದರೆ ಪಟ್ಟಿಯ ಹೆಚ್ಚು ಹೆಸರುಗಳು ಒಂದೇ ದಿನ ಬೀಗ ಹಾಕಿಕೊಳ್ಳುತ್ತವೆ. ಮರುದಿನದ ಪತ್ರಿಕೆಯ ಫೋಟೋದಲ್ಲಿ ಇದು ಕಾಣುವುದಿಲ್ಲ.

ಇನ್ನು ಶಿಬಿರದ ಕೈಗಳು. ಔಷಧ ನಿಯಮಗಳ ಷೆಡ್ಯೂಲ್ ಎಫ್ ಪ್ರಕಾರ ಮೂರು ತಾಸಿನಲ್ಲಿ 50ರಿಂದ 70 ಯೂನಿಟ್, ಅಥವಾ ಐದು ತಾಸಿನಲ್ಲಿ 100ರಿಂದ 120 ಯೂನಿಟ್ ತೆಗೆಯಲು ಒಬ್ಬ ವೈದ್ಯರು, 6ರಿಂದ 8 ಮಂಚ ನೋಡಿಕೊಳ್ಳುವ ಇಬ್ಬರು ನರ್ಸ್‌, ಇಬ್ಬರು ಸಮಾಜ ಕಾರ್ಯಕರ್ತರು, ಮೂವರು ತಂತ್ರಜ್ಞರು, ಇಬ್ಬರು ಸಹಾಯಕರು ಬೇಕು. 300 ಎಂದರೆ ಇಂಥ ಮೂರು ತಂಡ. ಜಿಲ್ಲೆಯೊಳಗಿನ ಬ್ಲಡ್ ಬ್ಯಾಂಕುಗಳಿಂದ ಒಂದೇ ದಿನ ಅಷ್ಟು ಜನರನ್ನು ಎಬ್ಬಿಸಿ ತಂದರೆ ಆ ದಿನ ಅಲ್ಲಿ ಕ್ರಾಸ್‌ಮ್ಯಾಚ್, ಅಂದರೆ ರೋಗಿಯ ರಕ್ತಕ್ಕೆ ಚೀಲದ ರಕ್ತ ಹೊಂದುತ್ತದೆಯೇ ಎಂಬ ಪರೀಕ್ಷೆ, ಮಾಡುವವರು ಯಾರು? ತಂಡ ಕಡಿಮೆ ಬಿದ್ದಾಗ ಮೊದಲು ಸವೆಯುವುದು ದಾನಿಯ ತಪಾಸಣೆ. ಹಿಮೋಗ್ಲೋಬಿನ್ ಸಾಕಷ್ಟಿದೆಯೇ ಎಂದು ತಿಳಿಯಲು ತಾಮ್ರದ ಸಲ್ಫೇಟ್ ದ್ರಾವಣಕ್ಕೆ ಬಿಟ್ಟ ರಕ್ತದ ಹನಿ ಹದಿನೈದು ಸೆಕೆಂಡಿನಲ್ಲಿ ಮುಳುಗುತ್ತದೋ ತೇಲುತ್ತದೋ ಎಂದು ನೋಡಲು ಸಾಲಿನ ಹಿಂದೆ ಇನ್ನೂರು ಜನ ನಿಂತಾಗ ವ್ಯವಧಾನ ಇರುವುದಿಲ್ಲ. ಸೂಜಿ ತೆಗೆದ ಮೇಲೆ ಹತ್ತು ಹದಿನೈದು ನಿಮಿಷ ಮಲಗಿಸಿ, ಕುಡಿಯಲು ಕೊಟ್ಟು ಕಳಿಸಬೇಕಾದವರನ್ನು ಐದು ನಿಮಿಷಕ್ಕೇ ಎಬ್ಬಿಸುತ್ತಾರೆ. ಮೆಟ್ಟಿಲ ಬಳಿ ಕಣ್ಣು ಕತ್ತಲಿಟ್ಟು ಬಿದ್ದ ಹುಡುಗ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ, ತನ್ನ ಜತೆಗಾರರನ್ನೂ ಬರಗೊಡುವುದಿಲ್ಲ.

ಉಡುಗೊರೆ ಮತ್ತು ಒತ್ತಾಯ

ಪ್ರಾಯೋಜಕರ ಯೋಜನೆಯಲ್ಲಿ ಪ್ರತಿ ದಾನಿಗೂ ಹೆಲ್ಮೆಟ್ ಇದೆ. ಹೆಲ್ಮೆಟ್ ಕೆಟ್ಟದ್ದಲ್ಲ. ಆದರೆ ವಸ್ತುವಿನ ಆಸೆಗೆ ಸಾಲಿನಲ್ಲಿ ನಿಂತವರು ಫಾರಂ ತುಂಬುವಾಗ ಸುಳ್ಳು ಹೇಳಲು ಕಾರಣ ಸಿಕ್ಕಂತಾಗುತ್ತದೆ. ಹಚ್ಚೆ ಹಾಕಿಸಿಕೊಂಡು ವರ್ಷ ಆಗದಿದ್ದರೆ, ಮಲೇರಿಯಾ ವಾಸಿಯಾಗಿ ಮೂರು ತಿಂಗಳು, ಡೆಂಗಿ ವಾಸಿಯಾಗಿ ಆರು ತಿಂಗಳು ಕಳೆಯದಿದ್ದರೆ ಕೊಡುವಂತಿಲ್ಲ. ಕಾಮಾಲೆ ಬಂದಿತ್ತೇ, ಯಾವ ಬಗೆಯದು, ಯಾವಾಗ ಎಂದು ಹೇಳಬೇಕು. ಇವುಗಳಲ್ಲಿ ಬಹುಪಾಲು ತಿಳಿಯುವುದು ದಾನಿ ಬಾಯಿಬಿಟ್ಟರೆ ಮಾತ್ರ. ಪ್ರತಿ ಚೀಲಕ್ಕೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಎಂಬ ಐದು ಪರೀಕ್ಷೆ ಕಡ್ಡಾಯ, ನಿಜ. ಆದರೆ ಸೋಂಕು ತಗುಲಿದ ಮೊದಲ ದಿನಗಳಲ್ಲಿ ಪರೀಕ್ಷೆಗೂ ಕಾಣದ ಅವಧಿಯೊಂದು ಇರುತ್ತದೆ. ಆ ಅವಧಿಯಲ್ಲಿ ರೋಗಿಯನ್ನು ಕಾಯುವುದು ದಾನಿಯ ಪ್ರಾಮಾಣಿಕತೆ ಒಂದೇ. ಹಣಕ್ಕೆ ರಕ್ತ ಕೊಡುವುದನ್ನು ಸುಪ್ರೀಂ ಕೋರ್ಟ್ ಆದೇಶದಂತೆ 1998ರಿಂದ ದೇಶದಲ್ಲಿ ನಿಲ್ಲಿಸಿದ್ದರ ಹಿಂದೆ ಇರುವುದೂ ಇದೇ ತರ್ಕ. ಹೆಲ್ಮೆಟ್ಟೋ ಮಿಕ್ಸಿಯೋ ಕೊಟ್ಟು ಸಾಲು ಉದ್ದ ಮಾಡುವುದು ಆ ಬಾಗಿಲನ್ನು ಹಿಂದಿನಿಂದ ತೆರೆದಂತೆ. ಕಾಲೇಜಿನಲ್ಲಿ ಹಾಜರಾತಿ ಕೊಡುತ್ತೇವೆ ಎಂದು ಹುಡುಗರನ್ನು ಕಳಿಸುವುದೂ ಇದೇ ಜಾತಿಯದು.

ಪ್ರಮಾಣಪತ್ರ, ಬ್ಯಾಡ್ಜ್, ಬಾಳೆಹಣ್ಣು, ಬಿಸ್ಕತ್ತು, ಒಂದು ಲೋಟ ಜ್ಯೂಸು: ಬಳಗ ಅಲ್ಲಿಗೆ ನಿಲ್ಲುವುದು ಕ್ಷೇಮ.

ಜಾತ್ರೆ

ಜಾತ್ರೆಯಲ್ಲಿ ರಕ್ತ ತೆಗೆಯುವುದು ಬೇಡ ಎಂಬುದರಲ್ಲಿ ಚರ್ಚೆಗೆ ಜಾಗವೇ ಇಲ್ಲ. ಬೇಸಿಗೆ ಏರುವ ಹೊತ್ತು. ಬಂದವರು ಬಿಸಿಲಲ್ಲಿ ನಿಂತಿರುತ್ತಾರೆ, ಎಷ್ಟೋ ಜನ ಉಪವಾಸ ಇರುತ್ತಾರೆ. ರಕ್ತ ಕೊಡುವವರು ಹಿಂದಿನ ನಾಲ್ಕು ತಾಸಿನೊಳಗೆ ಊಟವನ್ನೋ ತಿಂಡಿಯನ್ನೋ ಮಾಡಿರಬೇಕು. ಮೇಲಾಗಿ ದೂರದಿಂದ ಬಂದವನು ರಾತ್ರಿ ನಿಂತುಕೊಂಡು ಬಸ್ಸಿನಲ್ಲಿ ಊರಿಗೆ ಹೋಗುವವನು. ಹಚ್ಚೆ ಹಾಕುವ ಅಂಗಡಿಯೂ ಅದೇ ಜಾತ್ರೆಯಲ್ಲಿದೆ.

ಹೆಸರು ಬರೆದುಕೊಳ್ಳುವುದಾದರೋ? ಎಂಟು ದಿನಕ್ಕೆ ಎರಡು ಸಾವಿರ ಹೆಸರು ಸಿಕ್ಕೀತು. ಎರಡು ಸಾವಿರ ಹೆಸರನ್ನು ಆರು ಜನ ಫೋನಿನಲ್ಲಿ ಜೀವಂತ ಇಡಲಾರರು. ವರ್ಷದೊಳಗೆ ನಂಬರು ಬದಲಾಗುತ್ತದೆ, ಹುಡುಗ ಬೆಂಗಳೂರಿಗೋ ಗೋವಾಕ್ಕೋ ಕೆಲಸಕ್ಕೆ ಹೋಗಿರುತ್ತಾನೆ. ಬಾಯಲ್ಲಿ ಹೇಳಿದ ಗುಂಪು ತಪ್ಪಿರುವುದೂ ಸಾಮಾನ್ಯ. ಸತ್ತ ಪಟ್ಟಿ ಖಾಲಿ ಪಟ್ಟಿಗಿಂತ ಕೆಟ್ಟದ್ದು: ರಾತ್ರಿ ಒಂದು ಗಂಟೆಗೆ ಹೆರಿಗೆ ವಾರ್ಡಿನಿಂದ ಕರೆ ಬಂದಾಗ ಮೊದಲ ನಲವತ್ತು ನಿಮಿಷ ಅದರ ಹಳೇ ನಂಬರುಗಳನ್ನು ಒತ್ತುವುದರಲ್ಲೇ ಹೋಗುತ್ತದೆ.

ಆದರೂ ಜಾತ್ರೆಯನ್ನು ಪೂರ್ತಿ ಬಿಡಬಾರದು. ಕಾರಣ ನೆಗೆಟಿವ್ ಗುಂಪು.

ಜನಸಾಗರ ನಿಜಕ್ಕೂ ಬೇಕಾಗುವ ಒಂದು ಜಾಗ

ನಮ್ಮಲ್ಲಿ ನೂರಕ್ಕೆ ಐದರ ಆಸುಪಾಸು ಜನ ಆರ್‌ಎಚ್ ನೆಗೆಟಿವ್. 420 ಹೆಸರಿನಲ್ಲಿ ಅಂಥವರು ಇಪ್ಪತ್ತೊಂದು ಮಂದಿ ಇದ್ದಾರು. ಅದನ್ನು ನಾಲ್ಕು ಗುಂಪಿಗೆ, ಮೂರು ಊರಿಗೆ ಹಂಚಿ. ಕಾರವಾರದ ಭಾಗಕ್ಕೆ ಒ ನೆಗೆಟಿವ್ ಇಬ್ಬರೋ ಮೂವರೋ ಉಳಿಯುತ್ತಾರೆ. ಅವರಲ್ಲೊಬ್ಬ ಹೋದ ತಿಂಗಳಷ್ಟೇ ಕೊಟ್ಟಿದ್ದಾನೆ, ಇನ್ನೊಬ್ಬನಿಗೆ ಜ್ವರ.

ಲೆಕ್ಕವನ್ನು ತಿರುಗಿಸಿ ಮಾಡೋಣ. ಒಂದು ಭಾಗದಲ್ಲಿ ಯಾವ ಹೊತ್ತಿಗೂ ಹತ್ತು ಒ ನೆಗೆಟಿವ್ ದಾನಿಗಳು ಸಿಗಬೇಕು. ಮೂವರಲ್ಲಿ ಒಬ್ಬರು ಮಾತ್ರ ಆ ಹೊತ್ತಿಗೆ ಅರ್ಹರೂ ಊರಲ್ಲಿರುವವರೂ ಆಗಿರುತ್ತಾರೆ ಎಂದರೆ 30 ಹೆಸರು ಬೇಕು. ಒ ನೆಗೆಟಿವ್ ನೂರಕ್ಕೆ ಇಬ್ಬರು ಎಂದು ಹಿಡಿದರೆ 1,500 ಜನರ ಗುಂಪು ತಿಳಿದಿರಬೇಕು. ಮೂರು ಭಾಗಕ್ಕೆ 4,500. ಇದು ಕುಮಟಾದ ಪರಿಚಯದ ವಲಯದಿಂದ ಆಗುವ ಮಾತಲ್ಲ.

ಭಾಗ ಮೂರೇ ಯಾಕೆ ಎಂದರೆ ಮಳೆಗಾಲದಲ್ಲಿ ಜಿಲ್ಲೆ ತಾನಾಗಿಯೇ ತುಂಡಾಗುತ್ತದೆ. ದೇವಿಮನೆ ಘಟ್ಟದಲ್ಲಿ ಮಣ್ಣು ಜರಿದರೆ ಶಿರಸಿ–ಕುಮಟಾ ಸಂಪರ್ಕ ಹೋಯಿತು. ಅರಬೈಲು ಘಟ್ಟದ್ದೂ ಅದೇ ಭಯ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಮುಚ್ಚಿತ್ತು. ಅಂಥ ವಾರದಲ್ಲಿ ಕುಮಟಾದ ದಾನಿ ಕಾರವಾರದ ರೋಗಿಗೆ ಇಲ್ಲದಂತೆಯೇ. ಹಾಗಾಗಿ ಘಟ್ಟದ ಮೇಲೆ, ಗಂಗಾವಳಿ ನದಿಯಿಂದ ಆಚೆ, ಈಚೆ ಎಂದು ಮೂರು ಪಟ್ಟಿ ಒಂದನ್ನೊಂದು ನಂಬದೆ ನಿಲ್ಲುವಂತಿರಬೇಕು.

ಜಾತ್ರೆಯ ಮಳಿಗೆಯಲ್ಲಿ ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಮನೆಯಲ್ಲಿ ಯಾರದಾದರೂ ನೆಗೆಟಿವ್ ಗುಂಪು ಇದೆಯೇ? ಇದೆ ಎಂದವರ ಹೆಸರು, ತಾಲ್ಲೂಕು, ಎರಡು ಫೋನ್ ನಂಬರು, ಗುಂಪು ಯಾವ ಪ್ರಯೋಗಾಲಯದ ಚೀಟಿಯಲ್ಲಿದೆ ಎಂಬುದು. ಉಳಿದವರಿಗೆ ಚೀಟಿ ಕೊಟ್ಟು ನಮಸ್ಕಾರ. ನೆಗೆಟಿವ್ ಇರುವವರಿಗೆ ಸ್ಪಷ್ಟವಾಗಿ ಹೇಳಿ ಕಳಿಸಬೇಕು, ಸಾಮಾನ್ಯ ಶಿಬಿರದಲ್ಲಿ ಉತ್ಸಾಹಕ್ಕೆ ಕೊಟ್ಟುಬಿಡಬೇಡಿ, ಕರೆದಾಗ ಬನ್ನಿ ಎಂದು. ಶಿಬಿರದಲ್ಲಿ ಕೊಟ್ಟ ಎಬಿ ನೆಗೆಟಿವ್ ಚೀಲ 35 ದಿನ ಯಾರಿಗೂ ಬೇಡವಾಗಿ ಕೂತು ಹಾಳಾಗುವುದು, ಅದಾದ ವಾರಕ್ಕೆ ಅದೇ ಗುಂಪಿನ ರೋಗಿ ಬರುವುದು ಬ್ಲಡ್ ಬ್ಯಾಂಕಿನವರಿಗೆ ಹೊಸ ವಿಷಯವಲ್ಲ.

ಅಪ್ಪಿಕೋ ಹಬ್ಬಿದಂತೆ ಇದು ಹಬ್ಬುವುದಿಲ್ಲವೇ?

ಶಿರಸಿಯಲ್ಲಿ ಚಳವಳಿಯ ಮಾತು ಬಂದಾಗ ಅಪ್ಪಿಕೋ ಹೆಸರು ಬಾರದೆ ಇರದು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಬಳಿಯ ಕಾಡಿನಲ್ಲಿ ಜನ ಮರ ಅಪ್ಪಿ ನಿಂತರು. ಅಲ್ಲಿಂದ ಅದು ಊರಿಂದೂರಿಗೆ, ಸಿದ್ದಾಪುರದ ಕಡೆಗೂ, ಮುಂದೆ ಸಹ್ಯಾದ್ರಿಯ ಉದ್ದಕ್ಕೂ ಹೋಯಿತು. ಅದಕ್ಕೆ ಸದಸ್ಯತ್ವದ ಪುಸ್ತಕ ಬೇಕಾಗಿರಲಿಲ್ಲ. ಕೊಡಲಿಯ ಎದುರು ನಿಲ್ಲುವವರ ಸಂಖ್ಯೆಯೇ ಅಲ್ಲಿ ಬಲ. ಮರ ಅಪ್ಪಿದವನ ಹಿಮೋಗ್ಲೋಬಿನ್ ಎಷ್ಟು ಎಂದು ಯಾರೂ ಕೇಳಬೇಕಿರಲಿಲ್ಲ, ಇಂದು ಬಂದವನು ನಾಳೆಯೂ ಬರಬಹುದಿತ್ತು. ರಕ್ತದಾನದಲ್ಲಿ ಇಂದು ಬಂದವನು 90 ದಿನ ಬರಲಾರ, ಬಂದವರಲ್ಲೂ ಎಲ್ಲರೂ ಆಗರು. ಎರಡೂ ಸೇವೆಯೇ, ಎರಡೂ ಜನರಿಂದಲೇ. ಆದರೆ ಒಂದರ ನಕ್ಷೆಯನ್ನು ಇನ್ನೊಂದರ ಮೇಲೆ ಹಾಸಲಾಗದು.

ಹಾಗೆಂದು ಸಣ್ಣದಾಗಿಯೇ ಇರೋಣ ಎನ್ನುವವರ ಮಾತನ್ನೂ ಪೂರ್ತಿ ಒಪ್ಪುವಂತಿಲ್ಲ. ಪರಿಚಯದಿಂದ ಪರಿಚಯಕ್ಕೆ ಬೆಳೆದ ಬಳಗ ನಮ್ಮ ಕಡೆ ಗೊತ್ತಿಲ್ಲದೆಯೇ ಒಂದು ಜಾತಿಯ, ಒಂದು ಕೇರಿಯ, ಒಂದು ಸೊಸೈಟಿಯ ಬಳಗವಾಗಿಬಿಡುತ್ತದೆ. ಶಿರಸಿಯ ಪಟ್ಟಿಯಲ್ಲಿ ಬರೀ ತೋಟದ ಮನೆಯವರು, ಕಾರವಾರದಲ್ಲಿ ಬರೀ ನೌಕರರು. ಮೀನುಗಾರರ ಕೇರಿಯವರಿಗೆ ಈ ಬಳಗ ಇರುವುದೇ ತಿಳಿದಿರುವುದಿಲ್ಲ. ಒಂದೇ ಕಸುಬಿನವರೆಲ್ಲ ಒಂದೇ ಹೊತ್ತಿಗೆ ಕೆಲಸದಲ್ಲಿ ಮುಳುಗುವುದರಿಂದ ಇದು ರಕ್ತದ ಲೆಕ್ಕಕ್ಕೂ ಪೆಟ್ಟು. ನವೆಂಬರಿನಿಂದ ಫೆಬ್ರವರಿವರೆಗೆ ಅಡಿಕೆ ಕೊನೆಕೊಯ್ಲಿನಲ್ಲಿ ಘಟ್ಟದ ಮೇಲಿನವರು ಸಿಗರು.

ಅದನ್ನೇ ಅನುಕೂಲ ಮಾಡಿಕೊಳ್ಳಬಹುದು. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಆಗ ಕರಾವಳಿಯ ಗಟ್ಟಿಮುಟ್ಟಾದ ಹುಡುಗರು ದಡದಲ್ಲಿರುತ್ತಾರೆ. ಜೂನ್, ಜುಲೈ ಅವರದು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಗಡಿಬಿಡಿ ಮುಗಿದು ಕೊಯ್ಲು ಶುರುವಾಗುವ ಮುಂಚಿನ ಸೆಪ್ಟೆಂಬರ್, ಅಕ್ಟೋಬರ್ ತೋಟದವರದು. ಡಿಸೆಂಬರ್, ಜನವರಿ ಕಾಲೇಜುಗಳದು. ಏಪ್ರಿಲ್, ಮೇ ಬಡ ತಿಂಗಳು: ಕಾಲೇಜಿಗೆ ರಜೆ, ಊರಲ್ಲಿ ಮದುವೆ, ರಾತ್ರಿಯಿಡೀ ಯಕ್ಷಗಾನದ ಆಟ. ಆ ಎರಡು ತಿಂಗಳಿಗೆ ಸರ್ಕಾರಿ ನೌಕರರನ್ನೂ ಅಂಗಡಿಯವರನ್ನೂ ಉಳಿಸಿಟ್ಟುಕೊಳ್ಳಬೇಕು, ಜನವರಿಯಲ್ಲಿ ಅವರನ್ನು ಕರೆಯಕೂಡದು. ಕಾರವಾರದ ಕಡೆ, ಮೀನುಗಾರರ ಕೇರಿಗಳಲ್ಲಿ, ಮಾತು ಕೊಂಕಣಿಯಲ್ಲಿದ್ದರೆ ಅರ್ಧ ಕೆಲಸ ಆದಂತೆ.

ಬೆಳೆಯುವ ಅಳತೆ

ಹೊಸ ಘಟಕ ಎಂದರೆ 60 ಜನ, 20ರ ಮೂರು ತಂಡ, ಕರೆ ಮಾಡಲು ಒಬ್ಬ ಗಂಡಸು, ಒಬ್ಬ ಹೆಂಗಸು. ತಿಂಗಳಿಗೆ ಒಂದು ತಂಡವನ್ನು ಕರೆದರೆ ಅರ್ಧ ಜನ ಬಂದರೂ 10 ಯೂನಿಟ್. ಅಂಥ ನಾಲ್ಕು ಘಟಕ ಗಟ್ಟಿಯಾದರೆ ಈಗಿನ ತಿಂಗಳ 40 ತುಂಬಿತು, ಐದನೆಯದು ಮಳೆಗಾಲಕ್ಕೆ ಮೀಸಲು. ಅಂದರೆ ಬೇಕಿರುವುದು 300 ಗಟ್ಟಿ ಹೆಸರು. ಈಗಿರುವ 420ಕ್ಕಿಂತ ಕಡಿಮೆ.

ತಿರುಗುಪಟ್ಟಿಯನ್ನು ತಿಂಗಳ ಲೆಕ್ಕದಲ್ಲಿ ಮಾಡಿದರೆ ಎಡವುತ್ತೀರಿ. ಫೆಬ್ರವರಿ 1ರಂದು ಕೊಟ್ಟವನನ್ನು ಮೂರು ತಿಂಗಳಾಯಿತೆಂದು ಮೇ 1ಕ್ಕೆ ಕರೆದರೆ 89 ದಿನ, ಬಾಗಿಲಲ್ಲೇ ವಾಪಸ್. ವಾರದ ಲೆಕ್ಕ ಹಿಡಿಯಿರಿ: ಗಂಡಸರಿಗೆ 13 ವಾರ, 91 ದಿನ. ಹೆಂಗಸರಿಗೆ 17 ವಾರ ಸಾಲದು, 119ಕ್ಕೆ ನಿಲ್ಲುತ್ತದೆ. 18 ವಾರ ಬೇಕು. ಆದ್ದರಿಂದ ಇಬ್ಬರನ್ನೂ ಒಂದೇ ತಂಡದಲ್ಲಿ ಸೇರಿಸಬಾರದು.

ಕರೆ ಮಾಡುವವರು ಮೊದಲೇ ಕೇಳಬೇಕಾದ್ದು ನಾಲ್ಕಾರು. "ತಮ್ಮಾ, ಊಟ ಆಯ್ತಾ? ಎಷ್ಟು ಹೊತ್ತಾಯ್ತು?" ಎಂಬಲ್ಲಿಂದ ಶುರು. ವಯಸ್ಸು 18ರಿಂದ 65ರೊಳಗೆ, ತೂಕ 45 ಕಿಲೋಗೆ ಕಮ್ಮಿ ಇಲ್ಲ (450 ಮಿ.ಲೀ. ಚೀಲಕ್ಕಾದರೆ 55 ದಾಟಿರಬೇಕು), ಯಾವ ಮಾತ್ರೆ ನಡೆಯುತ್ತಿದೆ, ಈಚೆಗೆ ಜ್ವರ ಬಂದಿತ್ತೇ. ಫೋನಿನಲ್ಲೇ ಬೇಡ ಎಂದರೆ ಯಾರಿಗೂ ಬೇಜಾರಿಲ್ಲ. ಹತ್ತು ಮೈಲಿ ಬಸ್ಸು ಹತ್ತಿ ಬಂದವರನ್ನು ಎಲ್ಲರೆದುರು ವಾಪಸ್ ಕಳಿಸಿದರೆ ಅವಮಾನ ಅನಿಸುತ್ತದೆ. ಹಿಮೋಗ್ಲೋಬಿನ್ 12.5 ಮುಟ್ಟದೆ ವಾಪಸಾಗುವ ಹೆಂಗಸರ ವಿಷಯದಲ್ಲಿ ಇದನ್ನು ವಿಶೇಷ ಗಮನಿಸಬೇಕು. ಅವರಿಗೆ ಅಂಕಿ ಬರೆದ ಚೀಟಿ ಕೊಟ್ಟು, ಹತ್ತಿರದ ಆರೋಗ್ಯ ಕೇಂದ್ರದಲ್ಲಿ ತೋರಿಸಿ ಎಂದು ಹೇಳಿ, ಎರಡು ತಿಂಗಳ ನಂತರ ತಾವಾಗಿ ವಿಚಾರಿಸುವ ಒಬ್ಬ ಅಕ್ಕ ಘಟಕದಲ್ಲಿರಬೇಕು. ಸ್ವಸಹಾಯ ಸಂಘದಲ್ಲಿ ಇಂಥವರು ಸಿಗುತ್ತಾರೆ.

ಘಟಕ ಒಂದು ವರ್ಷ ನಡೆದು, ಮೊದಲ ಸಲ ಕೊಟ್ಟವರಲ್ಲಿ ಅರ್ಧದಷ್ಟು ಮಂದಿ ಹನ್ನೆರಡು ತಿಂಗಳೊಳಗೆ ಮತ್ತೆ ಕೊಟ್ಟಿದ್ದರೆ ಮಾತ್ರ ಪಕ್ಕದ ಊರಿಗೆ ಹೋಗಬೇಕು. ಇದನ್ನು ಬಿಟ್ಟು ಬೇರೆ ಯಾವ ಸಂಖ್ಯೆಯೂ ಬಳಗದ ಸಭೆಯಲ್ಲಿ ಚಪ್ಪಾಳೆಗೆ ಅರ್ಹವಲ್ಲ.

ವಿಡಿಯೊ ಬಂದರೆ ಅದರಲ್ಲಿ ಏನಿರಬೇಕು

ಕಲಾವಿದರ ವಿಡಿಯೊ ಬೇಡ ಎನ್ನಬೇಕಿಲ್ಲ. "ಬನ್ನಿ, ರಕ್ತ ಕೊಡಿ" ಎಂಬ ಮಾತನ್ನು ಅದರಿಂದ ತೆಗೆದರಾಯಿತು. ಎಷ್ಟು ಜನಕ್ಕೆ ತಲುಪಿದರೂ ಫ್ರಿಜ್ಜು ತುಂಬಿಸದ, ಯಾರನ್ನೂ ವಾಪಸ್ ಕಳಿಸಬೇಕಾಗಿ ಬಾರದ ಸಂಗತಿಗಳಿವೆ. ಉಪವಾಸದಲ್ಲಿ ಕೊಡಬೇಡಿ. ರಕ್ತಕ್ಕೆ ಬೆಲೆ ಇಲ್ಲ, ಪರೀಕ್ಷೆ ಮತ್ತು ಸಂಸ್ಕರಣೆಯ ಶುಲ್ಕ ಮಾತ್ರ. ಆಸ್ಪತ್ರೆಯ ಹೊರಗೆ ನಿಂತು ಬಾಟಲಿ ಕೊಡಿಸುತ್ತೇನೆ ಎನ್ನುವವನಿಗೆ ದುಡ್ಡು ಕೊಡಬೇಡಿ. ಮತ್ತು ಎಲ್ಲಕ್ಕಿಂತ ಮುಖ್ಯ, ದಿನಾಂಕ ಇಲ್ಲದ "ತುರ್ತು ರಕ್ತ ಬೇಕಾಗಿದೆ" ಸಂದೇಶವನ್ನು ಮುಂದೆ ಕಳಿಸಬೇಡಿ. ರೋಗಿ ಗುಣವಾಗಿ ಮನೆಗೆ ಹೋಗಿ ವರ್ಷವಾದರೂ ಆ ಸಂದೇಶ ಸುತ್ತುತ್ತಲೇ ಇರುತ್ತದೆ, ಮನೆಯವರ ಫೋನು ನಿಲ್ಲುವುದಿಲ್ಲ, ದಲ್ಲಾಳಿಗೆ ನಂಬರು ಸಿಕ್ಕಿರುತ್ತದೆ. ಬಳಗದ ಸ್ವಂತ ಸಂದೇಶದಲ್ಲಿ ಆಸ್ಪತ್ರೆಯ ಹೆಸರು, ಗುಂಪು, ಎಷ್ಟು ಯೂನಿಟ್, ಯಾವ ದಿನ ಎಷ್ಟು ಗಂಟೆಯವರೆಗೆ, ಸಂಯೋಜಕರ ಒಂದೇ ನಂಬರು. ರೋಗಿಯ ಮನೆಯವರದ್ದು ಇಲ್ಲ. ಸಿಕ್ಕ ಕೂಡಲೇ "ಮುಗಿಯಿತು" ಎಂಬ ಎರಡನೆಯ ಸಂದೇಶ ಹೋಗಲೇಬೇಕು.

ಪ್ರಾಯೋಜಕರಿಗೆ ಕೊಡುವ ಉತ್ತರವೂ ಇಷ್ಟರಿಂದಲೇ ಹೊರಡುತ್ತದೆ. 300ರ ಶಿಬಿರ ಬೇಡ. ಅದೇ ಹಣದಲ್ಲಿ ವರ್ಷಕ್ಕೆ ಐದಾರು ಶಿಬಿರ, ಪ್ರತಿಯೊಂದಕ್ಕೂ 70ರ ಮಿತಿ, ದಿನಾಂಕ ಬ್ಲಡ್ ಬ್ಯಾಂಕಿನವರು ಹೇಳಿದ್ದು. ಎಪ್ಪತ್ತೊಂದನೆಯವನಿಗೆ ಮುಂದಿನ ಶಿಬಿರದ ಚೀಟಿ. ಆಗಸ್ಟ್ 15ಕ್ಕೇ ಬೇಕು ಎಂದು ಹಟ ಹಿಡಿದರೆ ಅಂದು ಹಿಮೋಗ್ಲೋಬಿನ್ ಮತ್ತು ಗುಂಪು ಪರೀಕ್ಷೆಯ ಶಿಬಿರ ಮಾಡಿಸಬಹುದು. 4,500ರ ಲೆಕ್ಕಕ್ಕೆ ಅದು ನೇರ ಕೂಡುತ್ತದೆ. ಫೋಟೋಕ್ಕೂ ಕೊರತೆಯಿಲ್ಲ.

ಈ ಲೆಕ್ಕವೆಲ್ಲ ಕೆಂಪು ರಕ್ತದ್ದು. ಬಳಗ ಪ್ಲೇಟ್‌ಲೆಟ್ ಬೇಡಿಕೆಯನ್ನೂ ಹೊತ್ತುಕೊಳ್ಳುವುದಾದರೆ ಬೇರೆ ಪಟ್ಟಿ ಬೇಕು. ಪ್ಲೇಟ್‌ಲೆಟ್ ಬಾಳುವುದು 5 ದಿನ, ಅದೂ ಫ್ರಿಜ್ಜಿನಲ್ಲಲ್ಲ, 20ರಿಂದ 24 ಡಿಗ್ರಿಯಲ್ಲಿ ಅಲುಗಾಡಿಸುವ ಯಂತ್ರದ ಮೇಲೆ. ತೆಗೆದ ಕೆಲವೇ ತಾಸಿನೊಳಗೆ ಬೇರ್ಪಡಿಸುವ ಘಟಕಕ್ಕೆ ಚೀಲ ತಲುಪಬೇಕು. ಆದ್ದರಿಂದ ಆ ಪಟ್ಟಿಯಲ್ಲಿರಬೇಕಾದವರು ಘಟಕವಿರುವ ಆಸ್ಪತ್ರೆಯಿಂದ ಅರ್ಧ ತಾಸಿನ ದಾರಿಯೊಳಗಿನವರು. ಘಟ್ಟ ಇಳಿದು ಬರಬೇಕಾದವರ ಹೆಸರು ಅದರಲ್ಲಿ ಬೇಡ.